ಹಸುವಿನ ಮೇವಿಗೆ ಅಳತೆ ಇದೆ, ನಮ್ಮ ಲೋಟದ ಸಕ್ಕರೆಗೆ?



ಹಸುವಿನ ದೇಹ ಪೋಷಣೆಗೆ ಇಷ್ಟು, ಕೊಡುವ ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಎಂದು ಲೆಕ್ಕ ಹಾಕಿ ನಾವು ಪಶು ಆಹಾರ ಕೊಡುತ್ತೇವೆ. ಹಾಲು ಬತ್ತಿದ ಮೇಲೂ ಅಷ್ಟೇ ತಿನ್ನಿಸಿದರೆ ಹಸುವಿಗೆ ಕೊಬ್ಬು ಏರುತ್ತದೆ. ಕರು ಹಾಕುವಾಗ ಕಷ್ಟ, ಹಾಕಿದ ಮೇಲೆ ಕೀಟೋಸಿಸ್ ಭಯ. ಇದು ನಿಮಗೆಲ್ಲ ಗೊತ್ತಿರುವ ವಿಷಯ. ಆದರೆ ಹಸು ಸಾಕುವ ನಾವು ದಿನಕ್ಕೆ ಎಷ್ಟು ಸಕ್ಕರೆ ಕುಡಿಯುತ್ತೇವೆ ಎಂಬ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ.

ನಾನು ದನಗಳ ಡಾಕ್ಟರ್. ಆದರೂ ಹಳ್ಳಿಗಳಿಗೆ ಹೋದಾಗ ಹಸುವಿನ ಮಾತು ಮುಗಿದ ಮೇಲೆ ಮೊಣಕಾಲು ನೋವು, ಶುಗರ್, ಹೊಟ್ಟೆ ಬಂದಿರುವುದರ ಮಾತು ಬರುತ್ತದೆ. ಅದಕ್ಕಾಗಿ ಈ ಲೇಖನ.

ಒಂದು ದಿನದ ಲೆಕ್ಕ

ಹಾಲು ಕರೆಯುವ ಮುಂಚೆ ಒಂದು ಟೀ, ಡೇರಿಗೆ ಹಾಲು ಹಾಕಿ ಬಂದು ಒಂದು, ಹೊಲದಲ್ಲಿ ಒಂದು, ಸಂಜೆ ಒಂದು, ನೆಂಟರು ಬಂದರೆ ಇನ್ನೊಂದು. ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ ಎಂದರೆ ದಿನಕ್ಕೆ 50 ಗ್ರಾಂ ಸಕ್ಕರೆ. ತಿಂಗಳಿಗೆ ಒಬ್ಬರಿಗೇ ಒಂದೂವರೆ ಕೆಜಿ!

ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ. ಅಂದರೆ ಟೀ ಸಕ್ಕರೆಯಿಂದಲೇ ದಿನಕ್ಕೆ 200 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ಬೇಕಾದ ವ್ಯಕ್ತಿಗೆ ಇಂಥ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಟೀಯಲ್ಲೇ ಆ ಮಿತಿ ಮುಗಿಯಿತು. ಮೇಲೆ 300 ಮಿ.ಲೀ. ಕೂಲ್ ಡ್ರಿಂಕ್ಸ್ ಕುಡಿದರೆ ಮತ್ತೆ ಸುಮಾರು 30 ಗ್ರಾಂ ಸೇರಿತು. ದೊಡ್ಡ ಲೋಟ ಕಬ್ಬಿನ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕುಡಿದದ್ದು ಹೊಟ್ಟೆ ತುಂಬಿಸುವುದಿಲ್ಲ

ಒಂದು ಮುದ್ದೆ ಉಂಡರೆ ಹೊಟ್ಟೆ ಸಾಕು ಎನ್ನುತ್ತದೆ. ಸಿಹಿ ಪಾನೀಯ ಹಾಗಲ್ಲ. ಅಗಿಯುವ ಕೆಲಸವಿಲ್ಲ, ನಾರಿಲ್ಲ. ಕೂಲ್ ಡ್ರಿಂಕ್ಸ್ ಕುಡಿದೆವೆಂದು ಮಧ್ಯಾಹ್ನ ಒಂದು ತುತ್ತು ಕಡಿಮೆ ಉಣ್ಣುವುದಿಲ್ಲ. ಹೆಚ್ಚಾದ ಶಕ್ತಿ ಕೊಬ್ಬಾಗಿ ಹೊಟ್ಟೆಯ ಸುತ್ತ, ಯಕೃತ್ತಿನಲ್ಲಿ ಕೂರುತ್ತದೆ.

ಹಿಂದೆ ಮೇವು ಕೈಯಲ್ಲೇ ಕತ್ತರಿಸುತ್ತಿದ್ದೆವು, ನೀರು ಸೇದುತ್ತಿದ್ದೆವು, ಹಾಲಿನ ಕ್ಯಾನ್ ಹೊತ್ತು ನಡೆಯುತ್ತಿದ್ದೆವು. ಈಗ ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ಬೈಕು ಬಂದಿವೆ. ಮೈಗೆ ಕೆಲಸ ಕಡಿಮೆಯಾಯಿತು, ಸಕ್ಕರೆ ಕಡಿಮೆಯಾಗಲಿಲ್ಲ.

ಹಸುವಿನ ಎದೆ ಸುತ್ತಳತೆಯಿಂದ ತೂಕ ಅಂದಾಜು ಮಾಡುವ ಟೇಪನ್ನೇ ನಿಮ್ಮ ಸೊಂಟಕ್ಕೂ ಹಿಡಿಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಎಚ್ಚರ ವಹಿಸಬೇಕು.

ಕಡಿಮೆ ಮಾಡುವುದು ಹೇಗೆ?

• ಹಸುವಿನ ಆಹಾರ ಒಮ್ಮೆಲೇ ಬದಲಿಸುವುದಿಲ್ಲವಲ್ಲ, ಹಾಗೆಯೇ ಇದೂ. ಎರಡು ಚಮಚದಿಂದ ಒಂದೂವರೆಗೆ, ವಾರ ಕಳೆದು ಒಂದಕ್ಕೆ, ಆಮೇಲೆ ಅರ್ಧಕ್ಕೆ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ.

• ಐದು ಟೀಯಲ್ಲಿ ಎರಡನ್ನು ಬಿಡಿ. ಆ ಹೊತ್ತಿಗೆ ನೀರು ಅಥವಾ ಶುಂಠಿ, ಕೊತ್ತಂಬರಿ, ಕರಿಬೇವು ಹಾಕಿದ ನೀರು ಮಜ್ಜಿಗೆ ಕುಡಿಯಿರಿ. ಬಿ.ಪಿ. ಇರುವವರು ಉಪ್ಪು ಹಾಕಬೇಡಿ.

• ಟೀ ಕುದಿಸುವಾಗಲೇ ಸಕ್ಕರೆ ಸುರಿಯಬೇಡಿ. ಬೇರೆ ಇಡಿ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ. ನೆಂಟರಿಗೂ ಇದರಿಂದ ಉಪಕಾರ.

• ಬೆಲ್ಲ ಹಾಕಿದರೆ ತೊಂದರೆಯಿಲ್ಲ ಎಂದುಕೊಳ್ಳಬೇಡಿ. ತೂಕದ ಲೆಕ್ಕದಲ್ಲಿ ಅದೂ ಸಕ್ಕರೆಯ ಹಾಗೆಯೇ.

• ಮಕ್ಕಳಿಗೆ ಬಾಟಲಿ ಪಾನೀಯ ಮನೆಗೆ ತಂದು ಇಡಬೇಡಿ. ಮನೆಯಲ್ಲಿ ಇದ್ದರೆ ಕುಡಿದೇ ಕುಡಿಯುತ್ತಾರೆ.

ನಮ್ಮ ಉತ್ಪನ್ನಗಳ ಬಗ್ಗೆಯೂ ಒಂದು ಮಾತು

ಹಾಲಿನಲ್ಲಿ ಸಹಜವಾಗಿರುವ ಲ್ಯಾಕ್ಟೋಸ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಸುವಾಸಿತ ಹಾಲು, ಸಿಹಿ ಲಸ್ಸಿಗಳಿಗೆ ಹಾಕಿದ ಸಕ್ಕರೆ ಖಂಡಿತ ಸೇರುತ್ತದೆ. ನಾವೇ ಮಾರುವ ಪದಾರ್ಥವೆಂದು ಇದನ್ನು ಮುಚ್ಚಿಡಬಾರದು. ಅವು ಹಬ್ಬ ಹರಿದಿನಕ್ಕೆ ಇರಲಿ. ದಿನನಿತ್ಯಕ್ಕೆ ಬರಿ ಹಾಲು, ಮೊಸರು, ಮಜ್ಜಿಗೆ ಸಾಕು. ಪ್ಯಾಕೆಟ್ ಮೇಲೆ ‘ಸೇರಿಸಿದ ಸಕ್ಕರೆ’ ಎಷ್ಟು ಎಂದು ಓದುವ ಅಭ್ಯಾಸ ಮಾಡಿಕೊಳ್ಳಿ. ಓದು ಬಲ್ಲ ಮಕ್ಕಳಿಂದ ಓದಿಸಿ.

ಎಚ್ಚರಿಕೆ

ಶುಗರ್‌ಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ನಿಮ್ಮ ವೈದ್ಯರನ್ನು ಕೇಳಿ ಆಹಾರ ಬದಲಿಸಿ. ಅಂಥವರಿಗೆ ಇದ್ದಕ್ಕಿದ್ದಂತೆ ಬೆವರು, ನಡುಕ, ತಲೆಸುತ್ತು ಬಂದರೆ ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಬೇಕು. ಆಗ ಸಕ್ಕರೆಯೇ ಔಷಧಿ. ವಾಂತಿ ಭೇದಿಗೆ ಕೊಡುವ ಓ.ಆರ್.ಎಸ್. ಕೂಡ ನಿಲ್ಲಿಸಬೇಡಿ.

ಟೀ ಸಕ್ಕರೆ ಅರ್ಧ ಮಾಡಿದ ಮಾತ್ರಕ್ಕೆ ತಿಂಗಳಲ್ಲೇ ಹೊಟ್ಟೆ ಕರಗುವುದಿಲ್ಲ. ಊಟದ ಅಳತೆ, ನಡಿಗೆ ಎರಡೂ ಜೊತೆಗೆ ಬೇಕು. ಆದರೆ ದಿನಕ್ಕೆ ನೂರು ಕ್ಯಾಲೊರಿ ಖರ್ಚಿಲ್ಲದೆ ಕಡಿಮೆಯಾಗುತ್ತದೆ, ತಿಂಗಳಿಗೆ ಮುಕ್ಕಾಲು ಕೆಜಿ ಸಕ್ಕರೆಯ ದುಡ್ಡೂ ಉಳಿಯುತ್ತದೆ. ಈ ತಿಂಗಳು ಮನೆಗೆ ತಂದ ಸಕ್ಕರೆ ಎಷ್ಟು ಎಂದು ಹಾಲಿನ ಪಾಸ್ ಪುಸ್ತಕದ ಪಕ್ಕದಲ್ಲೇ ಬರೆದಿಡಿ. ಮುಂದಿನ ತಿಂಗಳು ಹೋಲಿಸಿ ನೋಡಿ.