ಫಲಕದಲ್ಲಿ ಐದು, ಬಾವಿಯಲ್ಲಿ ಏಳೂವರೆ

1967ರಲ್ಲಿ ಅಮೆರಿಕದ ಷೆವರ್ಲೆ ಸಂಸ್ಥೆಯು ಕಾರ್ವೆಟ್ ಕಾರಿನ ಎಲ್-88 ಎಂಜಿನಿಗೆ 430 ಅಶ್ವಶಕ್ತಿಯೆಂದು ಬರೆಯಿತು. ನಿಜಬಲ 500ನ್ನು ಮೀರಿತ್ತು. ಆ ಕಾಲದ ವೇಗದ ಕಾರುಗಳಿಗೆ ವಿಮೆಯ ಕಂತು ಅಶ್ವಶಕ್ತಿಯನ್ನು ನೋಡಿ ಏರುತ್ತಿತ್ತು. ಅಂಕೆ ಇಳಿದಷ್ಟೂ ಲಾಭ.

ಬಲವಿದ್ದೂ ಬಚ್ಚಿಡುವ ಈ ವಿದ್ಯೆ ನಮ್ಮ ನೀರೆತ್ತುವ ಮೋಟಾರುಗಳಿಗೂ ಬಂದಿತು. ಕರ್ನಾಟಕದಲ್ಲಿ ಹಿಂದೆ ಪಂಪ್‌ಸೆಟ್ಟಿನ ವಿದ್ಯುತ್ ದರವು ಅಶ್ವಶಕ್ತಿಯ ಲೆಕ್ಕದಲ್ಲಿತ್ತು. ಈಗ 10ರವರೆಗೆ ಉಚಿತ. ಫಲಕದಲ್ಲಿ ಕಡಿಮೆ, ಒಳಗೆ ಹೆಚ್ಚು ಬಲದ ಮೋಟಾರಿಗೆ ಗಿರಾಕಿಯಿರುವುದು ಸಹಜವೇ!

ರಾಯಚೂರಿನ ಬಳಿ ಶಕ್ತಿನಗರದ ವಿದ್ಯುತ್ ಸ್ಥಾವರವೇ ಇದ್ದರೇನು? ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಹೊಲಕ್ಕೆ ನೀರುಣಿಸುವುದು ಊರ ಟಿ.ಸಿ. 25 ಕೆ.ವಿ.ಎ. ಟಿ.ಸಿ.ಯು ಐದು ಅಶ್ವಶಕ್ತಿಯ ನಾಲ್ಕು ಮೋಟಾರುಗಳನ್ನು ಹೊರಬಲ್ಲುದು. ಅವು ನಿಜದಲ್ಲಿ ಏಳೂವರೆಯಾದರೆ ಸುರುಳಿ ಸುಡುತ್ತದೆ. ಆಗ ಸರಿಯಾದ ಫಲಕ ಹಚ್ಚಿದವನ ಭತ್ತವೂ ದುರಸ್ತಿಯಾಗುವವರೆಗೆ ಒಣಗುತ್ತ ನಿಲ್ಲುತ್ತದೆ.