ಹಸಿರು ಚಹಾ: ಎಲೆಯೋ, ಪುಡಿಯೋ, ಮಾತ್ರೆಯೋ?

ಹಸಿರು ಚಹಾ ಈಗ ಹಲವು ರೂಪಗಳಲ್ಲಿ ಸಿಗುತ್ತದೆ. ಬಿಡಿ ಎಲೆ, ದಾರ ಕಟ್ಟಿದ ಪುಟ್ಟ ಚೀಲ, ಜಪಾನಿನ 'ಮಾಚಾ' ಪುಡಿ, ತಂಪು ಬಾಟಲಿ, ಅಷ್ಟೇ ಅಲ್ಲದೆ ಔಷಧಿ ಅಂಗಡಿಯ ಕ್ಯಾಪ್ಸೂಲ್ ಕೂಡ. ಎಲ್ಲದರ ಮೇಲೂ ಎಳೆ ಚಿಗುರಿನ ಚಿತ್ರ, ಆರೋಗ್ಯದ ಭರವಸೆ. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಅನೇಕರು ಕೇಳುತ್ತಾರೆ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಹಸಿರು ಚಹಾ ಬೇರೆ ಗಿಡದ್ದಲ್ಲ. ನಾವು ದಿನವೂ ಕುಡಿಯುವ ಟೀ ಗಿಡದ ಎಲೆಯೇ ಅದು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವಂತೆ, ಕಿತ್ತು ಹೊಸೆದ ಚಹಾ ಎಲೆಯೂ ತನ್ನೊಳಗಿನ ಕಿಣ್ವಗಳಿಂದಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗದಂತೆ ಜಪಾನಿನಲ್ಲಿ ಎಲೆಯನ್ನು ಆವಿಯಲ್ಲಿ ಬೇಯಿಸುತ್ತಾರೆ, ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಇದರಿಂದ ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳು ಎಲೆಯಲ್ಲೇ ಉಳಿಯುತ್ತವೆ. ಹಸಿರು ಚಹಾದ ಹೆಚ್ಚುಗಾರಿಕೆ ಇರುವುದು ಇವುಗಳಲ್ಲೇ. ಅಂದಹಾಗೆ, ಈ ಹೆಸರು ಬಂದಿರುವುದು ನಮ್ಮ ಎಲೆ-ಅಡಿಕೆಯ ಕಾಚಿನಿಂದ!

ಮನೆಮಂದಿಗೆಲ್ಲ ಹೊಂದುವುದು ಬಿಡಿ ಎಲೆಯೇ. ಆದರೆ ಅದನ್ನು ನಮ್ಮ ಮಾಮೂಲಿ ಟೀಯಂತೆ ಕುದಿಸಿದರೆ ಕಹಿ ಕಷಾಯವಾಗುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಮೂಗು ಮುಚ್ಚಿ ಅದನ್ನೇ ಕುಡಿಯುವವರೂ ಉಂಟು. ಅಷ್ಟು ಕಷ್ಟ ಬೇಕಿಲ್ಲ. ಕುದ್ದ ನೀರನ್ನು ಒಲೆಯಿಂದ ಇಳಿಸಿ ನಾಲ್ಕೈದು ನಿಮಿಷ ಆರಲು ಬಿಡಿ. ಒಂದು ಲೋಟಕ್ಕೆ ಒಂದು ಚಿಕ್ಕ ಚಮಚ ಎಲೆ ಹಾಕಿ, ಮುಚ್ಚಿಟ್ಟು, ಎರಡು-ಮೂರು ನಿಮಿಷದಲ್ಲಿ ಸೋಸಿಕೊಳ್ಳಿ. ಹಾಲು ಬೇಡ. ನಿಂಬೆರಸದ ನಾಲ್ಕು ಹನಿ ಒಳ್ಳೆಯದೇ. ಜೇನುತುಪ್ಪವೂ ಸಕ್ಕರೆಯೇ ಎಂಬುದನ್ನು ಮಧುಮೇಹಿಗಳು ಮರೆಯಬಾರದು. ಸುಡುಸುಡು ಕುಡಿಯುವುದೂ ತರವಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ.

ಚೀಲದೊಳಗಿರುವುದು ಸಾಮಾನ್ಯವಾಗಿ ಎಲೆಯ ಚೂರು, ಪುಡಿ. ಗುಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ದುಡ್ಡು ಮಾತ್ರ ಹೆಚ್ಚು. ನೈಲಾನ್ ಚೀಲಕ್ಕಿಂತ ಕಾಗದದ ಚೀಲ ವಾಸಿ. ಮಾಚಾದ ಗಿಡಗಳನ್ನು ಕೊಯ್ಲಿಗೆ ಮುನ್ನ ಕೆಲವು ವಾರ ನೆರಳಿನಲ್ಲಿ ಬೆಳೆಸಿ, ಎಲೆಯನ್ನು ನುಣ್ಣಗೆ ಬೀಸುತ್ತಾರೆ. ಎಲೆಯೇ ಹೊಟ್ಟೆಗೆ ಹೋಗುವುದರಿಂದ ಕ್ಯಾಟೆಚಿನ್ ಜೊತೆಗೆ ಕೆಫೀನ್ ಕೂಡ ಹೆಚ್ಚು. ರಾತ್ರಿ ನಿದ್ದೆ ಬಾರದವರಿಗೆ ಇದು ಹೇಳಿಸಿದ್ದಲ್ಲ.

ಬಾಟಲಿಯ ಚಹಾವನ್ನು ನಾನು ಪಟ್ಟಿಯಿಂದಲೇ ಬಿಡುತ್ತೇನೆ. ಶೇಖರಿಸಿಟ್ಟಷ್ಟೂ ಕ್ಯಾಟೆಚಿನ್ ಕ್ಷೀಣಿಸುತ್ತದೆ, ಸಕ್ಕರೆ ಹಾಗೆಯೇ ಉಳಿಯುತ್ತದೆ. ಚೀಟಿಯಲ್ಲಿ 100 ಮಿಲಿಲೀಟರಿಗೆ 6 ಗ್ರಾಂ ಸಕ್ಕರೆ ಎಂದಿದ್ದರೆ, ಅರ್ಧ ಲೀಟರ್ ಕುಡಿದವರು 30 ಗ್ರಾಂ, ಅಂದರೆ ಸುಮಾರು ಆರು ಚಮಚ ಸಕ್ಕರೆ ತಿಂದಂತೆ.

ನಿಜವಾಗಿ ಎಚ್ಚರ ಬೇಕಾದದ್ದು ಕ್ಯಾಪ್ಸೂಲ್ ವಿಷಯದಲ್ಲಿ. ಮೈ ಇಳಿಸಲೆಂದು ಇವನ್ನು ತಾವಾಗಿಯೇ ಕೊಂಡು ನುಂಗುವವರಿದ್ದಾರೆ. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2018ರಲ್ಲಿ ಈ ಬಗ್ಗೆ ಪರಿಶೀಲಿಸಿತು. ಚಹಾ ಕುಡಿಯುವವರಿಗೆ ಅದರ ಮುಖ್ಯ ಕ್ಯಾಟೆಚಿನ್ ದಿನಕ್ಕೆ ಸರಾಸರಿ 90ರಿಂದ 300 ಮಿಲಿಗ್ರಾಂ ದೊರೆಯುತ್ತದೆ. ಅದು ಸಾಮಾನ್ಯವಾಗಿ ಸುರಕ್ಷಿತ. ಆದರೆ ಮಾತ್ರೆಗಳ ಮೂಲಕ 800 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟು ಬೀಳುವ ಸೂಚನೆಗಳು ಕಂಡುಬಂದವು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಇನ್ನೂ ಹೆಚ್ಚು. ಇಂಥ ಮಾತ್ರೆ ನುಂಗುತ್ತಿರುವವರಿಗೆ ವಿಪರೀತ ಸುಸ್ತು, ವಾಕರಿಕೆ, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಇಷ್ಟೆಲ್ಲ ಮಾಡಿ ತೂಕವಾದರೂ ಇಳಿಯುತ್ತದೆಯೇ? ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2012ರ ಕಾಕ್ರೇನ್ ಸಮೀಕ್ಷೆಯಲ್ಲಿ ಕಂಡ ಇಳಿಕೆ ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಹಾಗಾದರೆ ಚಹಾದಿಂದ ಲಾಭವೇ ಇಲ್ಲವೆ? ಜಪಾನಿನ ಮಿಯಾಗಿ ಪ್ರಾಂತ್ಯದ 40,530 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಸಾವು ಕಡಿಮೆಯಿತ್ತು. ಕ್ಯಾನ್ಸರ್ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಹಾ ಕುಡಿಯುವವರ ಊಟ, ನಡಿಗೆ ಕೂಡ ಬೇರೆಯಾಗಿರಬಹುದಾದ್ದರಿಂದ ಎಲ್ಲ ಕೀರ್ತಿಯನ್ನೂ ಎಲೆಗೇ ಕೊಡಲಾಗದು.

ನಮ್ಮ ಮನೆಗಳಲ್ಲಿ ಇನ್ನೊಂದು ಸಂಗತಿಯಿದೆ. ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳದಂತೆ ಚಹಾ ತಡೆಯುತ್ತದೆ. ಹಸಿರೂ ಅಷ್ಟೇ, ಕೆಂಪೂ ಅಷ್ಟೇ. ಆದ್ದರಿಂದ ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನಂತೂ ಚಹಾದೊಡನೆ ನುಂಗಲೇಬಾರದು. ಗರ್ಭಿಣಿಯರು ಕಾಫಿ, ಟೀ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಿಡಿದು ಮಿತಿಯಲ್ಲಿರಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು, ರಕ್ತದೊತ್ತಡಕ್ಕೆ ನಾಡೊಲಾಲ್ ನುಂಗುವವರು ಹಸಿರು ಚಹಾ ಅಭ್ಯಾಸ ಮಾಡಿಕೊಳ್ಳುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು.