ಮನೆಯಲ್ಲಿ ಸಕ್ಕರೆ ಪರೀಕ್ಷೆ: ತಪ್ಪಿದ್ದು ಯಂತ್ರವೋ, ಸ್ಟ್ರಿಪ್ಪೋ, ಕೈಯೋ?



ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ, ಮುಚ್ಚಳ ಸಡಿಲವಾದ ಡಬ್ಬಿಯಲ್ಲಿಟ್ಟ ಹಲಸಿನ ಹಪ್ಪಳ ಮೆತ್ತಗಾಗುತ್ತದೆ. ಹಪ್ಪಳ ಮೆತ್ತಗಾದರೆ ನಮಗೆ ಕೂಡಲೇ ತಿಳಿಯುತ್ತದೆ. ಹಾಗೆಯೇ ತೇವಕ್ಕೆ ಕೆಡುವ ಇನ್ನೊಂದು ವಸ್ತು ಈಗ ನಮ್ಮ ಬಹಳಷ್ಟು ಮನೆಗಳಲ್ಲಿದೆ. ಅದು ಕೆಟ್ಟರೆ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ಅದೇ ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರಿನ ಸ್ಟ್ರಿಪ್.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಅಧ್ಯಯನವೊಂದರ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಕೇರಳದಲ್ಲಿ ಪ್ರಾಯ ಬಂದವರಲ್ಲಿ ನೂರಕ್ಕೆ 25 ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ. ಹೀಗಿರುವಾಗ ಮನೆಯಲ್ಲಿ ಒಂದು ಗ್ಲುಕೋಮೀಟರ್ ಇರುವುದು ಒಳ್ಳೆಯದೇ. ಆದರೆ ಮನೆಭೇಟಿಗೆ ಹೋದಲ್ಲೆಲ್ಲ ನಾವು ಎರಡು ಬಗೆಯ ಮಾತು ಕೇಳುತ್ತೇವೆ. ಕೆಲವರು, "ನಿನ್ನೆ 140, ಇವತ್ತು 290. ಈ ಯಂತ್ರವನ್ನು ನಂಬಲಿಕ್ಕಿಲ್ಲ" ಎಂದು ಅದನ್ನು ಕಪಾಟಿನೊಳಗೆ ಹಾಕಿಬಿಡುತ್ತಾರೆ. ಇನ್ನು ಕೆಲವರು ಅದೇ 290 ಕಂಡು ಗಾಬರಿಯಾಗಿ ಒಂದು ಮಾತ್ರೆ ಹೆಚ್ಚು ನುಂಗುತ್ತಾರೆ ಅಥವಾ ಇನ್ಸುಲಿನನ್ನು ತಾವಾಗಿಯೇ ಏರಿಸುತ್ತಾರೆ. ಎರಡೂ ತಪ್ಪು. ಎರಡನೆಯದಂತೂ ಪ್ರಾಣಕ್ಕೇ ಅಪಾಯ. ನಿಜವಾಗಿ ಸಕ್ಕರೆ 150 ಇದ್ದು, ಯಂತ್ರ 290 ತೋರಿಸಿ, ಅದಕ್ಕೆ ತಕ್ಕಂತೆ ಮದ್ದು ಹೋದರೆ ರಾತ್ರಿ ನಿದ್ದೆಯಲ್ಲೇ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಮಕ್ಕಳೆಲ್ಲ ಪರವೂರಿನಲ್ಲಿದ್ದು, ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ನೀವೇ ಬಲ್ಲಿರಿ.

ಆದುದರಿಂದ ಸಂಖ್ಯೆಯಲ್ಲಿ ಸಂಶಯ ಬಂದಾಗ ಏನೇನು ನೋಡಬೇಕು ಎಂಬುದನ್ನು ಈ ಸಲ ಒಂದೊಂದಾಗಿ ತಿಳಿದುಕೊಳ್ಳೋಣ.

ಸ್ಟ್ರಿಪ್ಪಿನೊಳಗೆ ಏನಿದೆ?

ಸ್ಟ್ರಿಪ್ಪಿನ ತುದಿಯಲ್ಲಿ ಕಿಣ್ವವೊಂದನ್ನು ತೆಳ್ಳಗೆ ಸವರಿ ಒಣಗಿಸಿರುತ್ತಾರೆ. ಅನೇಕ ಸ್ಟ್ರಿಪ್ಪುಗಳಲ್ಲಿ ಅದು ಗ್ಲುಕೋಸ್ ಆಕ್ಸಿಡೇಸ್. ಜೇನು ಸಾಕುವವರಿಗೆ ಇದು ಹೊಸತಲ್ಲ. ಜೇನುನೊಣವೂ ಇದೇ ಕಿಣ್ವವನ್ನು ಮಕರಂದಕ್ಕೆ ಸೇರಿಸುತ್ತದೆ. ಜೇನು ಬೇಗನೆ ಕೆಡದಿರಲು ಅದೂ ಒಂದು ಕಾರಣ. ರಕ್ತದಲ್ಲಿರುವ ಗ್ಲುಕೋಸ್ ಈ ಕಿಣ್ವದೊಡನೆ ಸೇರಿದಾಗ ಬಹಳ ಸಣ್ಣ ವಿದ್ಯುತ್ ಹರಿವು ಉಂಟಾಗುತ್ತದೆ. ಯಂತ್ರ ಅಳೆಯುವುದು ಆ ವಿದ್ಯುತ್ತನ್ನು. ಅಂದರೆ ನಿಜವಾದ ಪರೀಕ್ಷೆ ನಡೆಯುವುದು ಸ್ಟ್ರಿಪ್ಪಿನಲ್ಲಿ. ಯಂತ್ರ ಅದರ ಲೆಕ್ಕ ಓದುತ್ತದೆ, ಅಷ್ಟೆ. ಆದುದರಿಂದ ಲೆಕ್ಕ ತಪ್ಪಿದಾಗ ಯಂತ್ರವನ್ನು ದೂರುವ ಮೊದಲು ಕೈ, ಸ್ಟ್ರಿಪ್ ಮತ್ತು ರಕ್ತದ ಹನಿ, ಈ ಮೂರನ್ನು ನೋಡಬೇಕು.

ಮೊದಲು ಕೈ

ಹಲಸಿನ ಸೊಳೆ ಬಿಡಿಸಿದ ಕೈ, ಗೇರುಹಣ್ಣು ಹಿಂಡಿದ ಕೈ, ಮಾವು ಕೊಯ್ದ ಕೈ, ಬೆಲ್ಲ ಕುಟ್ಟಿದ ಕೈ, ಇವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಕ್ಕರೆ ಅಂಟಿಕೊಂಡಿರುತ್ತದೆ. ಪರೀಕ್ಷೆಗೆ ಬೇಕಾದ ರಕ್ತ ಸಾಸಿವೆ ಕಾಳಿಗಿಂತಲೂ ಚಿಕ್ಕ ಹನಿ. ಅದರೊಡನೆ ಈ ಸಕ್ಕರೆ ಸೇರಿದರೆ ಸಂಖ್ಯೆ ಬಹಳ ಮೇಲೇರುತ್ತದೆ. ಜಪಾನಿನ ವೈದ್ಯರು ಕಿತ್ತಳೆ, ದ್ರಾಕ್ಷಿ, ಕಿವಿಹಣ್ಣುಗಳನ್ನು ಸುಲಿದ ಬೆರಳಿನಿಂದಲೇ ಪರೀಕ್ಷೆ ಮಾಡಿ ನೋಡಿ, 2011ರಲ್ಲಿ ಇದನ್ನು ಪ್ರಕಟಿಸಿದರು. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರೂ ಸಂಖ್ಯೆ ಹೆಚ್ಚೇ ಬಂತು. ನೀರಿನಲ್ಲಿ ಕೈ ತೊಳೆದ ಮೇಲೆಯೇ ಅದು ಸರಿಯಾಯಿತು.

ನಮ್ಮಲ್ಲಿ ಹಲಸು ಬಿಡಿಸುವಾಗ ಮೇಣ ಅಂಟದಂತೆ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವ ಕ್ರಮವಿದೆ. ಆದುದರಿಂದ ಬರೇ ನೀರು ಸಾಲದು, ಸಾಬೂನು ಹಾಕಿ ತೊಳೆಯಬೇಕು. ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಕೈಯಲ್ಲಿ ನೀರು ಉಳಿದರೆ ರಕ್ತ ತೆಳ್ಳಗಾಗಿ ಸಂಖ್ಯೆ ತಪ್ಪುತ್ತದೆ. ತೋಟದ ನಡುವೆ ಕೈ ತೊಳೆಯಲು ಅನುಕೂಲವಿಲ್ಲದಿದ್ದರೆ ಮೊದಲ ಹನಿಯನ್ನು ಒರೆಸಿ ತೆಗೆದು ಎರಡನೆಯ ಹನಿಯನ್ನು ಉಪಯೋಗಿಸಿರಿ.

ಸ್ಟ್ರಿಪ್ಪಿನ ಡಬ್ಬಿ

ಸ್ಟ್ರಿಪ್ ಬರುವ ಡಬ್ಬಿಯೊಳಗೆ ತೇವ ಹೀರುವ ವಸ್ತುವನ್ನು ಇಟ್ಟಿರುತ್ತಾರೆ. ಅದಕ್ಕಾಗಿಯೇ ಸ್ಟ್ರಿಪ್ಪನ್ನು ಕಾಗದದಲ್ಲಿ ಸುತ್ತಿಡುವುದು, ಬೇರೆ ಡಬ್ಬಿಗೆ ಸುರಿಯುವುದು, ನಾಲ್ಕನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಳ್ಳುವುದು ಸಲ್ಲದು. ಒಣ ಕೈಯಿಂದ ಒಂದನ್ನು ತೆಗೆದು, ಮುಚ್ಚಳವನ್ನು ಕೂಡಲೇ ಬಿಗಿಯಾಗಿ ಹಾಕಿ, ಆಮೇಲೆ ಬೆರಳು ಚುಚ್ಚಿರಿ. ತೇವ ತಗಲಿದ ಸ್ಟ್ರಿಪ್ ಹೆಚ್ಚೂ ತೋರಿಸಬಹುದು, ಕಡಿಮೆಯೂ ತೋರಿಸಬಹುದು.

ಇಡುವುದೆಲ್ಲಿ? ಮಳೆಗಾಲದಲ್ಲಿ ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿಡುವವರಿದ್ದಾರೆ, ತಂಪಿರಲೆಂದು ಫ್ರಿಜ್ಜಿನಲ್ಲಿಡುವವರೂ ಇದ್ದಾರೆ. ಎರಡೂ ಬೇಡ. ಹೆಚ್ಚಿನ ಸ್ಟ್ರಿಪ್ಪುಗಳನ್ನು 30 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ ಇಡಬೇಕು. ಅಟ್ಟದ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಫ್ರಿಜ್ಜಿನಿಂದ ಹೊರಗೆ ತೆಗೆದರೆ ತಂಪಾದ ಡಬ್ಬಿಯಲ್ಲಿ ನೀರ ಪಸೆ ಕೂರುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಜೀಪಿನೊಳಗೆ ಬಿಟ್ಟರೂ ಕೆಡುತ್ತದೆ. ಅಡುಗೆಮನೆ, ಬಚ್ಚಲುಗಳಿಂದ ದೂರವಾಗಿ, ಮಲಗುವ ಕೋಣೆಯ ಕಪಾಟಿನಲ್ಲಿ ಅದರದೇ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಕರಡಿಗೆಯೊಳಗೆ ಇಟ್ಟರೆ ಸಾಕು.

ಇನ್ನೊಂದು ಲೆಕ್ಕವನ್ನು ಗಮನಿಸಿರಿ. ಡಬ್ಬಿಯ ಮೇಲೆ ಅಚ್ಚಾಗಿರುವ ಅವಧಿ ಮುಚ್ಚಳ ತೆರೆಯದ ಡಬ್ಬಿಗೆ. ತೆರೆದ ಮೇಲೆ ಕೆಲವು ಕಂಪೆನಿಗಳ ಸ್ಟ್ರಿಪ್ 3 ತಿಂಗಳು, ಕೆಲವು 6 ತಿಂಗಳು ಮಾತ್ರ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ವಾರಕ್ಕೊಮ್ಮೆ ಪರೀಕ್ಷಿಸುವವರು ಅಗ್ಗವೆಂದು 50ರ ಡಬ್ಬಿ ತಂದರೆ ಅದು ಮುಗಿಯಲು ಒಂದು ವರ್ಷ ಬೇಕು. ಅರ್ಧದಷ್ಟು ಸ್ಟ್ರಿಪ್ ಕೆಟ್ಟ ಮೇಲೆಯೇ ಉಪಯೋಗಕ್ಕೆ ಬರುತ್ತದೆ. ಅಂಥವರಿಗೆ 10 ಅಥವಾ 25ರ ಡಬ್ಬಿಯೇ ಲಾಭ. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಪೆನ್ನಿನಿಂದ ಬರೆದಿಡಿರಿ.

ರಕ್ತದ ಹನಿ

ಅಡಿಕೆ ಸುಲಿದು, ಹಾರೆ ಹಿಡಿದು ದಡ್ಡುಗಟ್ಟಿದ ನಮ್ಮ ಬೆರಳುಗಳಿಂದ ರಕ್ತ ಬರುವುದು ಸುಲಭವಲ್ಲ. ಆಗ ಬೆರಳನ್ನು ಹಿಂಡುವುದು ವಾಡಿಕೆ. ಬಲವಾಗಿ ಹಿಂಡಿದರೆ ರಕ್ತದೊಡನೆ ಮಾಂಸದೊಳಗಿನ ನೀರೂ ಬಂದು ಸಂಖ್ಯೆ ತಪ್ಪುತ್ತದೆ. ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಅರ್ಧ ನಿಮಿಷ ಕೆಳಗೆ ಜೋತುಬಿಡಿರಿ. ಬೆರಳ ತುದಿಯ ನಡುವಿಗೆ ಚುಚ್ಚದೆ ಬದಿಗೆ ಚುಚ್ಚಿರಿ. ಅಲ್ಲಿ ನೋವೂ ಕಡಿಮೆ, ರಕ್ತವೂ ಚೆನ್ನಾಗಿ ಬರುತ್ತದೆ. ಚುಚ್ಚುವ ಪೆನ್ನಿನಲ್ಲಿ ಆಳವನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರುತ್ತದೆ. ದಪ್ಪ ಚರ್ಮದವರು ಒಂದು ಅಂಕೆ ಏರಿಸಿಕೊಳ್ಳಬಹುದು.

ಸ್ಟ್ರಿಪ್ಪಿನ ಅಂಚನ್ನು ಹನಿಗೆ ತಾಗಿಸಿದರೆ ಅದು ತಾನಾಗಿಯೇ ಹೀರಿಕೊಳ್ಳುತ್ತದೆ. ಸಾಲದೆ ಬಂದರೆ ಅದೇ ಸ್ಟ್ರಿಪ್ಪಿಗೆ ಇನ್ನೊಂದು ಹನಿ ಸೇರಿಸಬೇಡಿರಿ. ಸ್ಟ್ರಿಪ್ ಹೋದರೆ ಹೋಗಲಿ ಎಂದು ಹೊಸತನ್ನು ತೆಗೆಯಿರಿ.

ಯಂತ್ರದಲ್ಲಿ ನೋಡಬೇಕಾದ್ದು

1. ಕೆಲವು ಹಳೆಯ ಯಂತ್ರಗಳಲ್ಲಿ ಸ್ಟ್ರಿಪ್ಪಿನ ಡಬ್ಬಿಯ ಕೋಡ್ ಸಂಖ್ಯೆಯೂ ಪರದೆಯ ಸಂಖ್ಯೆಯೂ ಒಂದೇ ಆಗಿರಬೇಕು. ಹೊಸ ಡಬ್ಬಿ ತೆರೆದಾಗಲೆಲ್ಲ ನೋಡಿರಿ. ಒಂದು ಕಂಪೆನಿಯ ಸ್ಟ್ರಿಪ್ಪನ್ನು ಇನ್ನೊಂದರ ಯಂತ್ರಕ್ಕೆ ಹಾಕಬಾರದು.

2. ವಿದೇಶದಿಂದ ಮಕ್ಕಳು ತಂದುಕೊಟ್ಟ ಯಂತ್ರವಾದರೆ ಅಳತೆಯ ಮಾನವನ್ನು ನೋಡಿರಿ. ನಮ್ಮಲ್ಲಿ ಲೆಕ್ಕ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮುಂತಾದ ಕಡೆ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು. ಅಲ್ಲಿನ ಯಂತ್ರ 7 ತೋರಿಸಿದರೆ ಗಾಬರಿಯಾಗಬೇಡಿರಿ, 18ರಿಂದ ಗುಣಿಸಿರಿ: 126. ಆದರೆ 15 ತೋರಿಸಿದಾಗ "ಬಹಳ ಕಡಿಮೆ" ಎಂದು ಸಕ್ಕರೆ ತಿಂದರೆ ಅನಾಹುತ. ಅದು ನಮ್ಮ ಲೆಕ್ಕದಲ್ಲಿ 270!

3. ಪರದೆ ಮಂಕಾದರೆ ಬ್ಯಾಟರಿ ಬದಲಿಸಿರಿ. ಬದಲಿಸಿದ ಮೇಲೆ ದಿನಾಂಕ, ಗಂಟೆಗಳನ್ನು ಸರಿಪಡಿಸಿರಿ. ಸ್ಟ್ರಿಪ್ ತೂರಿಸುವ ಕಿಂಡಿಗೆ ನೀರು, ಸ್ಪಿರಿಟ್ ಹಾಕಬೇಡಿರಿ. ಹೊರಭಾಗವನ್ನು ಒರೆಸಿದರೆ ಸಾಕು.

4. ‘ಇ’ ಅಕ್ಷರ ಮತ್ತು ಒಂದು ಅಂಕೆ ಬಂದರೆ ಅದು ದೋಷದ ಸೂಚನೆ. ಒಂದೊಂದು ಕಂಪೆನಿಗೆ ಒಂದೊಂದು ಅರ್ಥ. ಯಂತ್ರದೊಡನೆ ಬಂದ ಪುಸ್ತಕವನ್ನು ಬಿಸಾಡಬೇಡಿರಿ.

5. ‘ಹೈ’ ಎಂದು ಬಂದರೆ ಅದು ದೋಷವಲ್ಲ. ಸಕ್ಕರೆ ಯಂತ್ರ ಅಳೆಯಬಲ್ಲ ಮಿತಿಯನ್ನು, ಸಾಮಾನ್ಯವಾಗಿ 600ನ್ನು, ಮೀರಿದೆ ಎಂದರ್ಥ. ಕೈ ತೊಳೆದು ಇನ್ನೊಮ್ಮೆ ನೋಡಿರಿ. ಮತ್ತೆಯೂ ಹಾಗೆಯೇ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾಂತಿ, ಏದುಸಿರು, ಮಂಪರು ಇದ್ದರಂತೂ ಎರಡನೆಯ ಪರೀಕ್ಷೆಗೂ ಕಾಯಬಾರದು. ‘ಲೋ’ ಎಂದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದೆ.

ಯಂತ್ರವನ್ನೇ ಪರೀಕ್ಷಿಸುವುದು

ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡಿದ ಮೇಲೆ ನಾವು ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತೇವೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಗ್ಲುಕೋಮೀಟರಿಗೂ ಅಂಥದೊಂದು ಪರೀಕ್ಷೆಯಿದೆ. ಸಕ್ಕರೆಯ ಪ್ರಮಾಣ ಗೊತ್ತಿರುವ ‘ಕಂಟ್ರೋಲ್ ಸೊಲ್ಯೂಶನ್’ ಎಂಬ ದ್ರಾವಣ ಮೆಡಿಕಲ್ ಅಂಗಡಿಯಲ್ಲಿ ತರಿಸಿದರೆ ಸಿಗುತ್ತದೆ. ರಕ್ತದ ಬದಲು ಅದರ ಹನಿಯನ್ನು ಹಾಕಿದಾಗ, ಸ್ಟ್ರಿಪ್ಪಿನ ಡಬ್ಬಿಯ ಮೇಲೆ ಬರೆದ ಮಿತಿಯೊಳಗೆ ಸಂಖ್ಯೆ ಬರಬೇಕು. ಬಾರದಿದ್ದರೆ ಹೊಸ ಡಬ್ಬಿಯ ಸ್ಟ್ರಿಪ್ಪಿನಿಂದ ನೋಡಿರಿ. ಆಗಲೂ ತಪ್ಪಿದರೆ ಮಾತ್ರ ಯಂತ್ರವನ್ನು ದೂರೋಣ.

ದ್ರಾವಣ ಸಿಗದಿದ್ದರೆ ಲ್ಯಾಬಿಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೋಗುವಾಗ ನಿಮ್ಮ ಯಂತ್ರವನ್ನೂ ಒಯ್ಯಿರಿ. ಅವರು ರಕ್ತ ತೆಗೆದ ಕೂಡಲೇ ನೀವೂ ಬೆರಳು ಚುಚ್ಚಿ ನೋಡಿ ಬರೆದುಕೊಳ್ಳಿರಿ. ಎರಡೂ ಒಂದೇ ಆಗಬೇಕೆಂದಿಲ್ಲ. ಅಂತಾರಾಷ್ಟ್ರೀಯ ಮಾನದಂಡದಂತೆ 100ಕ್ಕಿಂತ ಮೇಲೆ ನೂರಕ್ಕೆ 15ರಷ್ಟು, 100ಕ್ಕಿಂತ ಕೆಳಗೆ 15 ಅಂಕೆಯಷ್ಟು ಅಂತರ ಇರಬಹುದು. ಲ್ಯಾಬಿನಲ್ಲಿ 200 ಬಂದು ಮನೆಯ ಯಂತ್ರ 170ರಿಂದ 230ರೊಳಗೆ ತೋರಿಸಿದರೆ ಯಂತ್ರ ಸರಿಯಿದೆ. ಊಟದ ಮೇಲೆ ಹೋಲಿಸಬೇಡಿರಿ. ಆಗ ಬೆರಳಿನ ರಕ್ತದಲ್ಲಿ ಸಕ್ಕರೆ ನಿಜವಾಗಿಯೇ ತೋಳಿನ ನರದ ರಕ್ತಕ್ಕಿಂತ ಹೆಚ್ಚಿರುತ್ತದೆ. ರಕ್ತಹೀನತೆ ಇರುವವರಲ್ಲಿ ಯಂತ್ರ ಇದ್ದುದಕ್ಕಿಂತ ಹೆಚ್ಚು ತೋರಿಸುವುದುಂಟು. ಅಂಥವರು ವೈದ್ಯರನ್ನು ಕೇಳಿ ತಿಳಿಯಬೇಕು.

ಸಂಖ್ಯೆಗಿಂತ ಮೈ ದೊಡ್ಡದು

ಬೆವರು, ನಡುಕ, ಎದೆ ಹೊಡೆತ, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಟ್ಟು, ಇವು ಸಕ್ಕರೆ ಇಳಿದಿರುವ ಲಕ್ಷಣಗಳು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇವು ಕಂಡರೆ, ಸ್ಟ್ರಿಪ್ ಹುಡುಕುತ್ತಾ ಹೊತ್ತು ಕಳೆಯಬೇಡಿರಿ. ಯಂತ್ರ 110 ತೋರಿಸಿತೆಂದು ಸುಮ್ಮನಾಗಲೂ ಬೇಡಿರಿ. ಸಂಖ್ಯೆ 70ಕ್ಕಿಂತ ಕೆಳಗಿದ್ದರೂ, ಲಕ್ಷಣ ಮಾತ್ರವಿದ್ದರೂ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಕಳೆದು ಕೈ ತೊಳೆದು ನೋಡಿರಿ. ಏರದಿದ್ದರೆ ಮತ್ತೊಮ್ಮೆ ಕುಡಿಯಿರಿ. ಸುಧಾರಿಸಿದ ಮೇಲೆ ಊಟ ಮಾಡಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಓರೆಯಾಗಿ ಮಲಗಿಸಿ 108ಕ್ಕೆ ಫೋನು ಮಾಡಿರಿ. ಅಡಿಕೆ, ತೆಂಗಿನ ಮರ ಹತ್ತುವವರು ಇಂಥ ಲಕ್ಷಣವಿರುವಾಗ ಮರಕ್ಕೆ ಕೈ ಹಾಕಲೇಬಾರದು.

ಚುಚ್ಚುವ ಸೂಜಿಯ ವಿಷಯದಲ್ಲಿಯೂ ಎಚ್ಚರವಿರಲಿ. ಯಂತ್ರವನ್ನು ಮನೆಯವರೆಲ್ಲ ಉಪಯೋಗಿಸಬಹುದು. ಆದರೆ ಸೂಜಿ, ಪೆನ್ನುಗಳನ್ನು ಗಂಡ ಹೆಂಡತಿಯರೂ ಹಂಚಿಕೊಳ್ಳಬಾರದು. ಅದರಿಂದ ಹೆಪಟೈಟಿಸ್ ಬಿ ಹರಡುತ್ತದೆ. ಉಪಯೋಗಿಸಿದ ಸೂಜಿಯನ್ನು ತೆಂಗಿನ ಬುಡಕ್ಕೋ ಗೊಬ್ಬರದ ಗುಂಡಿಗೋ ಎಸೆದರೆ ನಾಳೆ ಬರಿಗಾಲಿನಲ್ಲಿ ಗೊಬ್ಬರ ಹೊರುವವರಿಗೆ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಹಾಕಿ ಮುಚ್ಚಿ, ತುಂಬಿದ ಮೇಲೆ ಎಲ್ಲಿಗೆ ಕೊಡಬೇಕೆಂದು ಆಶಾ ಕಾರ್ಯಕರ್ತೆಯರಲ್ಲಿ ಕೇಳಿರಿ.

ಕೊನೆಯದಾಗಿ, ಹಾಲಿನ ಸೊಸೈಟಿಯ ಪುಸ್ತಕದಂತೆ ಸಕ್ಕರೆಗೂ ಒಂದು ಪುಸ್ತಕ ಇರಲಿ. ದಿನ, ಗಂಟೆ, ಊಟದ ಮೊದಲೋ ನಂತರವೋ, ಮದ್ದು ತೆಗೆದುಕೊಂಡಿರೋ ಇಲ್ಲವೋ ಎಂದು ಬರೆಯಿರಿ. ಒಂದು ದಿನದ ಸಂಖ್ಯೆ ನೋಡಿ ಮದ್ದನ್ನು ಏರಿಸುವುದು, ಬಿಡುವುದು ಬೇಡ. ಪುಸ್ತಕವನ್ನೂ ಯಂತ್ರವನ್ನೂ ವೈದ್ಯರಿಗೆ ತೋರಿಸಿರಿ. ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಅವರು ಹೇಳಿದಾಗ ಮಾಡಿಸಿರಿ. ಕೇರಳ ಸರಕಾರದ ಸಾಮಾಜಿಕ ನ್ಯಾಯ ಇಲಾಖೆ ‘ವಯೋಮಧುರಂ’ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಹಿರಿಯ ಮಧುಮೇಹಿಗಳಿಗೆ ಗ್ಲುಕೋಮೀಟರನ್ನು ಉಚಿತವಾಗಿ ಕೊಟ್ಟಿದೆ. 60 ದಾಟಿದವರು ಈ ಬಗ್ಗೆ ಇಲಾಖೆಯಲ್ಲಿ ವಿಚಾರಿಸಬಹುದು.

ಓದು ಬಲ್ಲ ನಮ್ಮ ಯುವಜನರಲ್ಲಿ ಒಂದು ಕೋರಿಕೆ. ಈ ಭಾನುವಾರ ಪೂಜೆ ಮುಗಿಸಿ ಹೋಗುವಾಗ ನಿಮ್ಮ ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಗೆ ಹೊಕ್ಕು, ಅವರ ಸ್ಟ್ರಿಪ್ಪಿನ ಡಬ್ಬಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿರಿ. ಮುಚ್ಚಳ ಬಿಗಿಯಿದೆಯೇ, ಅವಧಿ ಮುಗಿದಿದೆಯೇ, ತೆರೆದ ದಿನ ಬರೆದಿದೆಯೇ? ಐದು ನಿಮಿಷದ ಕೆಲಸ. ಆ ಅಕ್ಷರಗಳು ಬಹಳ ಸಣ್ಣವು, ಅವರ ಕಣ್ಣಿಗೆ ಕಾಣಲಾರವು.